ಹಿತ್ತಲಿನ ಗುಂಡಿಯಲ್ಲಿ ಕಪಿಲೆಯ ಕಾವಲುಗಾರರು

ಕಪಿಲಾ ನದಿಯನ್ನು ನಂಜನಗೂಡಿನವರು ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ನೋಡುತ್ತಾರೆ. ತಿರುಮಕೂಡಲು ನರಸೀಪುರದವರು ಸಂಗಮದ ಮರಳಿನ ಮೇಲೆ ನಿಂತು. ನೋಡುವ ಜಾಗ ಬೇರೆಯಾದರೂ ನೀರು ಅದೇ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಅಣೆಕಟ್ಟೆ ದಾಟಿ, ನಂಜನಗೂಡಿನಲ್ಲಿ ಕೌಂಡಿನ್ಯಾ ಎನ್ನುವ ಗುಂಡ್ಲುಹೊಳೆಯನ್ನು ಕೂಡಿಸಿಕೊಂಡು, ನರಸೀಪುರದಲ್ಲಿ ಕಾವೇರಿಗೆ ಸೇರುವ ಹೊಳೆ ಇದು. ಒಂದು ಮೇಲಿನ ಊರು, ಇನ್ನೊಂದು ಕೆಳಗಿನ ಊರು. ಮೇಲಿನ ಊರಿನ ಬಚ್ಚಲು, ಅಡುಗೆಮನೆ, ಪಾಯಿಖಾನೆಗಳ ನೀರು ಕೊನೆಗೆ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೆಳಗಿನ ಊರಿನವರ ಬೊಗಸೆಯಲ್ಲಿರುತ್ತದೆ. ಆ ಬೊಗಸೆ ಚಿಕ್ಕದೂ ಅಲ್ಲ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತ ಬಂದಿದೆ. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದ ಮೇಳದಲ್ಲಿ ಅಪಾರ ಜನ ಅಲ್ಲಿ ಮುಳುಗು ಹಾಕಿದರು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದೀಭಾಗಗಳನ್ನು ಮಲಿನವೆಂದು ಗುರುತಿಸಿತು. ಅವುಗಳಲ್ಲಿ ಕರ್ನಾಟಕದವು 17. ಆ ಹದಿನೇಳರಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯೂ ಒಂದು. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವೂ ಇರುವುದರಿಂದ ಎಲ್ಲ ಹೊಣೆಯನ್ನೂ ಮನೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಮನೆಗಳ ಪಾಲು ಎಷ್ಟಿರಬಹುದೆಂದು ಲೆಕ್ಕ ಹಾಕುವುದು ಪ್ರೌಢಶಾಲೆಯ ಹುಡುಗರಿಗೂ ಸಾಧ್ಯ.

2011ರ ಜನಗಣತಿಯ ಪ್ರಕಾರ ನಂಜನಗೂಡು ಪಟ್ಟಣದ ಜನಸಂಖ್ಯೆ ಸುಮಾರು 50,000. ಒಳಚರಂಡಿ ಇರುವ ಪಟ್ಟಣಗಳಿಗೆ ಎಂಜಿನಿಯರುಗಳು ತಲೆಗೆ ದಿನಕ್ಕೆ 135 ಲೀಟರ್ ನೀರು ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಶೇಕಡ 80ರಷ್ಟು, ಅಂದರೆ 108 ಲೀಟರ್, ಕೊಳಚೆಯಾಗಿ ಹೊರಬೀಳುತ್ತದೆ. ಊರಿಗೆಲ್ಲ ಸೇರಿ ದಿನಕ್ಕೆ 54 ಲಕ್ಷ ಲೀಟರ್! ಈ ನೀರಿನಲ್ಲಿ ಕಲ್ಮಷ ಎಷ್ಟಿದೆ ಎಂಬುದನ್ನು ಅಳೆಯಲು ವಿಜ್ಞಾನಿಗಳ ಬಳಿ ಒಂದು ಜಾಣ ವಿಧಾನವಿದೆ. ಕೊಳಕನ್ನು ತೂಗುವ ಬದಲು, ಅದನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಯಿತೆಂದು ಅಳೆಯುವುದು. ಇದಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು, ರೂಢಿಯಲ್ಲಿ ಬಿ.ಒ.ಡಿ. ಒಬ್ಬ ಮನುಷ್ಯನ ದಿನದ ಕೊಳಚೆಗೆ ಸುಮಾರು 27 ಗ್ರಾಂ ಆಮ್ಲಜನಕ ಬೇಕು. 108 ಲೀಟರಿಗೆ 27 ಗ್ರಾಂ ಎಂದರೆ ಲೀಟರಿಗೆ 250 ಮಿಲಿಗ್ರಾಂ.

ನದಿಯ ಶುದ್ಧ ನೀರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಹಾಗಾಗಿ ಒಂದು ಲೀಟರ್ ಹಸಿ ಕೊಳಚೆ ಮೂವತ್ತೊಂದು ಲೀಟರ್ ನದಿನೀರಿನ ಉಸಿರನ್ನು ಕಸಿಯಬಲ್ಲದು. ಮೀನು ಸಾಯುವುದು ವಿಷದಿಂದಲೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಲವು ಸಲ ಅವು ಸಾಯುವುದು ಉಸಿರುಕಟ್ಟಿ.

ಕೊಳಚೆ ನದಿ ಮುಟ್ಟುವ ಮೊದಲೇ ಈ ಬೇಡಿಕೆಯನ್ನು ತೀರಿಸಬೇಕು. ದಾರಿ ಎರಡು. ತೊಟ್ಟಿಗೆ ಯಂತ್ರದಿಂದ ಗಾಳಿ ಊದಿ, ಗಾಳಿ ಬೇಕಾದ ಬ್ಯಾಕ್ಟೀರಿಯಾಗಳಿಂದ ಕಲ್ಮಷ ತಿನ್ನಿಸುವುದು ಒಂದು. ಇದರಲ್ಲಿ ನೀರು ಚೆನ್ನಾಗಿ ತಿಳಿಯಾಗುತ್ತದೆ. ಆದರೆ ಹಗಲೂ ರಾತ್ರಿ ವಿದ್ಯುತ್ ಬೇಕು. ಕರೆಂಟ್ ಹೋದರೆ ಜೀವಿಗಳಿಗೆ ಉಸಿರು ಹೋದಂತೆ. ಸಾಲದ್ದಕ್ಕೆ ತಿಂದದ್ದರಲ್ಲಿ ಅರ್ಧದಷ್ಟು ಹೊಸ ಬ್ಯಾಕ್ಟೀರಿಯಾಗಳಾಗಿ ಬೆಳೆದು ಬಗ್ಗಡದ ರಾಶಿಯಾಗುತ್ತದೆ. ಎರಡನೆಯದು ಗಾಳಿಯೇ ಬೇಡದ, ಪುಸ್ತಕದ ಭಾಷೆಯಲ್ಲಿ ಅವಾಯುವಿಕ ಎನ್ನುವ ಜೀವಿಗಳ ದಾರಿ. ಇವಕ್ಕೆ ಊದುವ ಯಂತ್ರ ಬೇಡ. ಬಗ್ಗಡವೂ ತೀರ ಕಡಿಮೆ, ಏಕೆಂದರೆ ಕಲ್ಮಷದ ಬಹುಪಾಲು ಮೀಥೇನ್ ಅನಿಲವಾಗಿ ಹೋಗಿಬಿಡುತ್ತದೆ.

ಮೀಥೇನ್ ಹೊಸದೇನಲ್ಲ. ಇಟಲಿಯ ವಿಜ್ಞಾನಿ ವೋಲ್ಟಾ 1776ರಲ್ಲಿಯೇ ಮಜ್ಜೋರೆ ಸರೋವರದ ಕೆಸರು ಕಲಕಿ, ಎದ್ದ ಗುಳ್ಳೆಗಳನ್ನು ಹಿಡಿದು ಉರಿಸಿ ನೋಡಿದ್ದ. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ ಡೊನಾಲ್ಡ್ ಕ್ಯಾಮೆರಾನ್ 1895ರ ಹೊತ್ತಿಗೆ ಕಟ್ಟಿದ ಮುಚ್ಚಿದ ತೊಟ್ಟಿಗೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ಬಂತು. ಅದರ ಅನಿಲದಿಂದ ದೀಪವೂ ಉರಿಯಿತು. ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. 1897ರಲ್ಲಿ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದ ಕೊಳಚೆ ತೊಟ್ಟಿಯಿಂದ ಅನಿಲ ಹಿಡಿದು ಎಂಜಿನ್ ಓಡಿಸಿದ್ದರು.

ಇಂದು ನಂಜನಗೂಡು, ನರಸೀಪುರಗಳ ಹಿತ್ತಿಲುಗಳಲ್ಲಿರುವ ಸೆಪ್ಟಿಕ್ ಟ್ಯಾಂಕ್ ಈ ಎಕ್ಸೆಟರ್ ತೊಟ್ಟಿಯ ಮೊಮ್ಮಗ. ಕಲ್ಲುಚಪ್ಪಡಿ ಮುಚ್ಚಿ ಮರೆತುಬಿಡುವ ಈ ಗುಂಡಿ ನಿಜಕ್ಕೂ ಒಂದು ಜೈವಿಕ ಕಾರ್ಖಾನೆ. ಅಲ್ಲಿನ ಕೆಲಸಗಾರರಿಗೆ ಯಾವ ಸ್ಥಿತಿ ಹಿತ ಎಂದು ತಿಳಿದುಕೊಂಡರೆ, ಅದೇ ಗುಂಡಿ ಈಗ ಮಾಡುವುದಕ್ಕಿಂತ ಬಹಳ ಹೆಚ್ಚು ಕೆಲಸ ಮಾಡುತ್ತದೆ.

ಅವಸರದವರು, ನಿಧಾನಸ್ಥರು

ಒಳಗಿನ ಕೆಲಸ ಒಬ್ಬರದಲ್ಲ. ಮೊದಲ ತಂಡ ಅನ್ನ, ಜಿಡ್ಡು, ಮಲದ ದೊಡ್ಡ ಅಣುಗಳನ್ನು ಕತ್ತರಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಎರಡನೆಯ ತಂಡ ಅದನ್ನು ಹುಳಿಯಾಗಿಸುತ್ತದೆ. ಕೆಟ್ಟ ಬೆಣ್ಣೆಯ ವಾಸನೆಯ ಬ್ಯುಟಿರಿಕ್ ಆಮ್ಲದಂಥವು ಹುಟ್ಟುವುದು ಇಲ್ಲಿ. ಮೂರನೆಯವರು ಈ ಹುಳಿಗಳನ್ನು ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಇಳಿಸುತ್ತಾರೆ. ಕೊನೆಯವರು ಮೀಥೇನ್ ಜನಕರು. ಇವರು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲದವರು ಎಂದು 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು.

ಹುಳಿ ಮಾಡುವವರು ಅವಸರದವರು, ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತಾರೆ. ಅಸಿಟಿಕ್ ಆಮ್ಲ ತಿಂದು ಬದುಕುವ ಮೀಥೇನ್ ಜನಕರಿಗೆ ಇಮ್ಮಡಿಯಾಗಲು ಹಲವು ದಿನಗಳೇ ಬೇಕು. ಮನೆಯಲ್ಲಿ ಮಾಡುವವರಿಗಿಂತ ಉಣ್ಣುವವರು ನಿಧಾನವಾದರೆ ಪಾತ್ರೆಯಲ್ಲಿ ಸಾರು ಉಳಿದು ಹಳಸುವಂತೆ, ತೊಟ್ಟಿಯಲ್ಲಿ ಹುಳಿ ಉಳಿದುಕೊಳ್ಳುತ್ತದೆ. ಆಮ್ಲ, ಪ್ರತ್ಯಾಮ್ಲಗಳನ್ನು ಅಳೆಯುವ ಪಿ.ಎಚ್. 6.8ರಿಂದ 7.2ರ ನಡುವೆ ಇದ್ದರೆ ಮೀಥೇನ್ ಜನಕರಿಗೆ ಹಿತ. 6.5ಕ್ಕಿಂತ ಕೆಳಗಿಳಿದರೆ ಅವರು ಸೊರಗುತ್ತಾರೆ, ಹುಳಿ ಇನ್ನೂ ಏರುತ್ತದೆ, ಅವರು ಇನ್ನೂ ಸೊರಗುತ್ತಾರೆ. ಗುಂಡಿ ಗಬ್ಬು ನಾರುವುದಕ್ಕೆ ಇದೂ ಒಂದು ಕಾರಣ.

ಉಷ್ಣತೆಯ ಮಾತಿಗೆ ಬಂದರೆ ಈ ಸೀಮೆಯವರು ಅದೃಷ್ಟವಂತರು. ಮೀಥೇನ್ ಜನಕರಿಗೆ 35 ಡಿಗ್ರಿ ಅತ್ಯುತ್ತಮ. 20ಕ್ಕಿಂತ ಮೇಲಿದ್ದರೆ ಅಡ್ಡಿಯಿಲ್ಲ. 15ರ ಕೆಳಗೆ ತೂಕಡಿಸುತ್ತಾರೆ. ಮೈಸೂರು ಸೀಮೆಯಲ್ಲಿ ಜನವರಿಯ ನಸುಕಿನಲ್ಲಿ ಗಾಳಿ 16 ಡಿಗ್ರಿಯ ಸುಮಾರಿಗೆ ಇಳಿದರೂ ನೆಲದೊಳಗಿನ ತೊಟ್ಟಿ ಅಷ್ಟು ತಣ್ಣಗಾಗುವುದಿಲ್ಲ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗಲು ತಡವಾಗುವುದನ್ನು ಪ್ರತಿ ಮನೆಯ ಹೆಂಗಸರೂ ಬಲ್ಲರು. ಗುಂಡಿಯಲ್ಲಿ ಆಗುವುದೂ ಅಷ್ಟೆ. ಯುರೋಪಿನವರು ತೊಟ್ಟಿ ಬೆಚ್ಚಗಿಡಲು ಉರುವಲು ಸುಡಬೇಕು. ಇಲ್ಲಿ ಆ ಖರ್ಚನ್ನು ಸೂರ್ಯನೇ ವಹಿಸಿಕೊಂಡಿದ್ದಾನೆ.

ನೀರು ಹೋಗಲಿ, ಜೀವಿಗಳು ಇರಲಿ

ಹಾಗಾದರೆ ತೊಡಕು ಎಲ್ಲಿದೆ? ಸಮಯದಲ್ಲಿದೆ. ಐದು ಜನರ ಮನೆಗೆ ಸಾಮಾನ್ಯವಾಗಿ ಸೂಚಿಸುವ ಸೆಪ್ಟಿಕ್ ಟ್ಯಾಂಕ್ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳದ್ದು. ಸುಮಾರು 1,100 ಲೀಟರ್ ಹಿಡಿಯುತ್ತದೆ. ಮನೆಯ ಎಲ್ಲ ನೀರನ್ನೂ ಅದಕ್ಕೆ ಬಿಟ್ಟರೆ ದಿನಕ್ಕೆ 540 ಲೀಟರ್ ಬರುತ್ತದೆ, ಎರಡು ದಿನದಲ್ಲಿ ಹೊರಟುಹೋಗುತ್ತದೆ. ಇಮ್ಮಡಿಯಾಗಲು ನಾಲ್ಕೈದು ದಿನ ಬೇಕಾದ ಜೀವಿ ಆ ನೀರಿನಲ್ಲಿ ತೇಲಿಕೊಂಡಿದ್ದರೆ ಮರಿ ಹಾಕುವ ಮೊದಲೇ ಕೊಚ್ಚಿಹೋಗುತ್ತದೆ. ತಳದ ಕೆಸರಿನಲ್ಲಿ ಅಂಟಿ ಕೂತವೇನೋ ಉಳಿಯುತ್ತವೆ. ಆದರೆ ನೀರು ಮೇಲುಮೇಲೆ ಹರಿದುಹೋಗುವುದರಿಂದ ಇವಕ್ಕೆ ಊಟ ಸಿಗುವುದಿಲ್ಲ. ಹೀಗಾಗಿ ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಕಳೆಯುವುದು ಬಿ.ಒ.ಡಿ.ಯ ಶೇಕಡ 30ರಿಂದ 50ರಷ್ಟನ್ನು ಮಾತ್ರ.

ತೊಟ್ಟಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಸರಿಹೋದೀತು. ಜಾಗ ಎಲ್ಲಿ? ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಗಾಟ್ಜೆ ಲೆಟ್ಟಿಂಗಾ 1970ರ ದಶಕದಲ್ಲಿ ಕಂಡುಕೊಂಡ ಉಪಾಯ ಬೇರೆಯದು. ನೀರನ್ನು ತೊಟ್ಟಿಯ ತಳದಿಂದ ಒಳಬಿಟ್ಟು, ಕೆಸರಿನ ಹಾಸಿನ ಮೂಲಕ ನಿಧಾನವಾಗಿ ಮೇಲೇರುವಂತೆ ಮಾಡುವುದು. ಮೇಲೇರುವ ವೇಗ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಮೀಟರ್ ಇದ್ದರೆ ನೀರು ಹೋಗುತ್ತದೆ, ತೂಕದ ಕೆಸರು ಕೆಳಗೇ ಉಳಿಯುತ್ತದೆ. ಕಾರ್ಖಾನೆಯ ಸಕ್ಕರೆ ನೀರಿನಲ್ಲಿ ಈ ಜೀವಿಗಳು ಸಾಸಿವೆ ಕಾಳಿನಂಥ ಉಂಡೆ ಕಟ್ಟಿಕೊಂಡು ತಳ ಹಿಡಿದು ಕೂತವು. ಮನೆಯ ಕೊಳಚೆಯಲ್ಲಿ ಅಂಥ ಉಂಡೆ ಕಟ್ಟುವುದು ಅಪರೂಪ. ಮೊಸರಿನ ಗಸಿಯಂಥ ಹಾಸು ಆಗುತ್ತದೆ, ಅದೂ ಸಾಕು. ನೀರು ತೊಟ್ಟಿಯಲ್ಲಿ ಇರುವುದು ಎಂಟು ಗಂಟೆ, ಜೀವಿಗಳು ಇರುವುದು ತಿಂಗಳಿಗೂ ಮೇಲೆ. ಈ ಎರಡು ಗಡಿಯಾರಗಳನ್ನು ಬೇರ್ಪಡಿಸಿದ್ದೇ ಲೆಟ್ಟಿಂಗಾ ಅವರ ದೊಡ್ಡತನ. ಪೇಟೆಂಟ್ ಮಾಡಿಸಿ ಹಣ ಮಾಡಿಕೊಳ್ಳಬಹುದಾಗಿದ್ದರೂ ಅವರು ಅದನ್ನು ಜಗತ್ತಿಗೇ ಬಿಟ್ಟುಕೊಟ್ಟರು ಎಂಬುದು ಅದಕ್ಕಿಂತ ದೊಡ್ಡ ಮಾತು.

ನಂಜನಗೂಡಿನ ಲೆಕ್ಕವನ್ನೇ ಮುಂದುವರಿಸೋಣ. ದಿನಕ್ಕೆ 54 ಲಕ್ಷ ಲೀಟರ್ ಎಂದರೆ ಗಂಟೆಗೆ 225 ಘನ ಮೀಟರ್. ಎಂಟು ಗಂಟೆ ಹಿಡಿದಿಡಲು 1,800 ಘನ ಮೀಟರಿನ ತೊಟ್ಟಿ ಬೇಕು. ಐದು ಮೀಟರ್ ಎತ್ತರ ಕಟ್ಟಿದರೆ ತಳ 360 ಚದರ ಮೀಟರ್. 225ನ್ನು 360ರಿಂದ ಭಾಗಿಸಿದರೆ ಮೇಲೇರುವ ವೇಗ ಗಂಟೆಗೆ 0.62 ಮೀಟರ್, ಬೇಕಾದಷ್ಟೇ. ಐವತ್ತು ಸಾವಿರ ಜನರ ಕೊಳಚೆಯ ಮೊದಲ ಹಂತದ ಶುದ್ಧೀಕರಣ 60 ಅಡಿಗೆ 65 ಅಡಿ ನಿವೇಶನದಲ್ಲಿ ಮುಗಿಯುತ್ತದೆ! ಇದು ಕಾಗದದ ಲೆಕ್ಕ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಊರಿಗೆ ಊರೇ ಬಚ್ಚಲಲ್ಲಿರುತ್ತದೆ, ನಡುರಾತ್ರಿ ಹನಿಯೂ ಬರುವುದಿಲ್ಲ. ಆ ಏರಿಳಿತಕ್ಕೆ ಎಂಜಿನಿಯರುಗಳು ಇನ್ನಷ್ಟು ಜಾಗ ಸೇರಿಸುತ್ತಾರೆ.

ಉತ್ತರದ ಕಾನ್ಪುರದಲ್ಲಿ ಇದನ್ನು ಮಾಡಿ ನೋಡಿದ್ದಾಗಿದೆ. ಭಾರತ ಮತ್ತು ನೆದರ್ಲೆಂಡ್ಸ್ ಕೂಡಿ ಜಾಜ್ಮವ್‌ನಲ್ಲಿ ದಿನಕ್ಕೆ 50 ಲಕ್ಷ ಲೀಟರಿನ, ಸರಿಸುಮಾರು ನಂಜನಗೂಡಿನ ಅಳತೆಯದೇ ಆದ, ಘಟಕವನ್ನು 1989ರಲ್ಲಿ ನಡೆಸಿದವು. ಅದರ ಭರವಸೆಯ ಮೇಲೆ ಅಲ್ಲಿಯೇ ಮೂರು ಕೋಟಿ ಅರವತ್ತು ಲಕ್ಷ ಲೀಟರಿನ ದೊಡ್ಡ ಘಟಕ ಎದ್ದಿತು. ಅದಕ್ಕೆ ಮನೆಗಳ ಕೊಳಚೆಯ ಜೊತೆ ಚರ್ಮ ಹದಮಾಡುವ ಕಾರ್ಖಾನೆಗಳ ನೀರನ್ನೂ ಬೆರೆಸಿದರು. ತೊಂದರೆ ಶುರುವಾದದ್ದು ಅಲ್ಲಿ. ಆ ನೀರಿನಲ್ಲಿ ಕ್ರೋಮಿಯಂ ಇತ್ತು, ಗಂಧಕದ ಸಲ್ಫೇಟ್ ಲವಣಗಳಿದ್ದವು. ಸಲ್ಫೇಟ್ ಸಿಕ್ಕಿದರೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಮೀಥೇನ್ ಜನಕರ ಊಟ ಕಸಿದುಕೊಂಡು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಅದು ಜೀವಿಗಳಿಗೂ ವಿಷ, ಕಾಂಕ್ರೀಟು ಕಬ್ಬಿಣಗಳಿಗೂ ಕ್ಷಯ. ಕೈಗಾರಿಕೆ ಮತ್ತು ಮನೆಗಳು ಅಕ್ಕಪಕ್ಕದಲ್ಲಿರುವ ನಂಜನಗೂಡಿನಂಥ ಊರಿಗೆ ಕಾನ್ಪುರದಿಂದ ಕಲಿಯಬೇಕಾದದ್ದು ಇದು: ಮನೆಯ ನೀರು ಬೇರೆ, ಕಾರ್ಖಾನೆಯ ನೀರು ಬೇರೆ ಇರಲಿ.

ಇನ್ನೊಂದು ಪಾಠ ಯಮುನೆಯದು. ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಯಮುನಾ ಕ್ರಿಯಾಯೋಜನೆಯಲ್ಲಿ ಇಂಥ ಹಲವು ತೊಟ್ಟಿಗಳನ್ನು ಕಟ್ಟಿದರು. ತೊಟ್ಟಿ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. ಉಳಿದ ಕಾಲು ಪಾಲಿಗೆ ಮುಂದೆ ಏನೂ ಇಲ್ಲದಿದ್ದರೆ ನದಿ ಶುದ್ಧವಾಗುವುದಿಲ್ಲ. 250ರಲ್ಲಿ ಶೇಕಡ 70 ಕಳೆದರೂ 75 ಉಳಿಯಿತು. 2017ರ ಕೇಂದ್ರ ಸರ್ಕಾರದ ಅಧಿಸೂಚನೆ ಮಹಾನಗರಗಳಲ್ಲದ ಊರುಗಳಿಗೆ ವಿಧಿಸಿದ ಮಿತಿ 30. ಮೇಲಾಗಿ ಗಾಳಿ ಬೇಡದ ಜೀವಿಗಳು ರೋಗಾಣುಗಳನ್ನು ಪೂರ್ತಿ ಕೊಲ್ಲಲಾರವು. ಸಾರಜನಕ, ರಂಜಕಗಳನ್ನಂತೂ ಮುಟ್ಟುವುದೇ ಇಲ್ಲ.

ಅದಕ್ಕೆ ಬೆಂಗಳೂರಿನ ಜಕ್ಕೂರು ಕೆರೆಯನ್ನು ನೋಡಬೇಕು. ಅಲ್ಲಿ ಜಲಮಂಡಳಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭಿಸಿದ ಘಟಕದಲ್ಲಿ ಕೊಳಚೆ ಮೊದಲು ಮೇಲ್ಮುಖ ಹರಿವಿನ ಕೆಸರುಹಾಸಿನ ತೊಟ್ಟಿ ಹೊಕ್ಕು, ಬಳಿಕ ಗಾಳಿ ಊದಿಸಿಕೊಂಡು, ಜೊಂಡು ಬೆಳೆದ ಜೌಗಿನ ಮೂಲಕ ಕೆರೆ ಸೇರುವ ಏರ್ಪಾಟಾಯಿತು. ಒಳಚರಂಡಿಯಿಲ್ಲದ ಊರಿಗೆ ದೇವನಹಳ್ಳಿ ಮಾದರಿ. ಮನೆಮನೆಯ ಗುಂಡಿಗಳಿಂದ ಲಾರಿಯಲ್ಲಿ ತಂದ ಹೂಳನ್ನು ಸಂಸ್ಕರಿಸುವ, ದಿನಕ್ಕೆ ಆರು ಸಾವಿರ ಲೀಟರಿನ ಘಟಕ ಅಲ್ಲಿ 2015ರಲ್ಲಿ ಆರಂಭವಾಯಿತು. ಇಳಿಜಾರಿನಲ್ಲೇ ನೀರು ಹರಿಯುವಂತೆ ಯೋಜಿಸಿದ ಆ ಘಟಕದಲ್ಲಿಯೂ ಅವಾಯುವಿಕ ತೊಟ್ಟಿಗಳಿವೆ. ಒಳಚರಂಡಿ, ಸಂಸ್ಕರಣೆಗಳ ಕೆಲಸಕ್ಕೆ ಕೇಂದ್ರದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಶ್ರೀರಂಗಪಟ್ಟಣ, ಕೃಷ್ಣರಾಜನಗರ, ಕೊಳ್ಳೇಗಾಲಗಳ ಜೊತೆ ನಂಜನಗೂಡಿನ ಹೆಸರೂ ಇತ್ತು. ಊರಿಗೆ ಪೈಪು ಬಂದ ಮೇಲೂ ಪೈಪು ಮುಟ್ಟದ ಮನೆಗಳು ಇದ್ದೇ ಇರುತ್ತವೆ. ಹೊಸ ಬಡಾವಣೆ, ಸುತ್ತಲ ಹಳ್ಳಿಗಳ ಕಥೆ ಹಿತ್ತಿಲ ಗುಂಡಿಯದೇ.

ಮನೆ ಕಟ್ಟುವವರು ಗಾರೆಯವರಿಗೆ ಹೇಳಬೇಕಾದದ್ದು

ಲೆಟ್ಟಿಂಗಾ ಉಪಾಯವನ್ನು ಮನೆಯ ಅಳತೆಗೆ ಇಳಿಸುವುದು ಕಷ್ಟವಲ್ಲ. ಒಂದೇ ದೊಡ್ಡ ಕೋಣೆಯ ಬದಲು ತೊಟ್ಟಿಯನ್ನು ಅಡ್ಡಗೋಡೆಗಳಿಂದ ಮೂರು ನಾಲ್ಕು ಕೋಣೆಗಳಾಗಿ ಒಡೆಯಬೇಕು. ಮೊದಲನೆಯದು ದೊಡ್ಡದು, ಅದು ಕಸ ಕಡ್ಡಿ ತಂಗುವುದಕ್ಕೆ. ಮುಂದಿನ ಪ್ರತಿ ಕೋಣೆಗೂ ನೀರು ಪೈಪಿನ ಮೂಲಕ ತಳಕ್ಕೆ ಇಳಿದು, ಕೆಸರನ್ನು ಹಾದು ಮೇಲೆ ಬಂದು, ಮತ್ತೆ ಮುಂದಿನದರ ತಳಕ್ಕೆ ಇಳಿಯಬೇಕು. ಚೆನ್ನಾಗಿ ನಡೆದ ಇಂಥ ತೊಟ್ಟಿಗಳು ಕಲ್ಮಷದ ಶೇಕಡ 65ರಿಂದ 90ರವರೆಗೂ ತೆಗೆಯುತ್ತವೆ. ಹೊರಬಂದ ನೀರನ್ನು ಜಲ್ಲಿ ತುಂಬಿ ಕಾಬಾಳೆ, ಜೊಂಡು ನೆಟ್ಟ ಪಾತಿಗೆ ಹರಿಸಿದರೆ ವಾಸನೆಯೂ ಹೋಗುತ್ತದೆ. ಬಚ್ಚಲ ನೀರನ್ನು ಬೇರೆ ಮಾಡಿ ಬಾಳೆ, ತೆಂಗಿನ ಬುಡಕ್ಕೆ ಬಿಡುವ ಹಿರಿಯರ ಪದ್ಧತಿ ಮರೆಯದಿದ್ದರೆ ತೊಟ್ಟಿಯ ಹೊರೆ ಅರ್ಧಕ್ಕೂ ಕಡಿಮೆ. ರಸಬಾಳೆಯ ಊರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಹೊಸ ತೊಟ್ಟಿಗೆ ಹೆಪ್ಪು ಬೇಕು. ಹಾಲಿಗೆ ಮೊಸರು ಹಾಕುವಂತೆ, ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡವನ್ನೋ ಸಗಣಿಯ ಗಂಜಿಯನ್ನೋ ಮೊದಲೇ ಹಾಕಿದರೆ ಕೆಲಸ ಬೇಗ ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರದವರನ್ನು ಕರೆಸಿ ಹೂಳು ತೆಗೆಸಬೇಕು. ಆಗಲೂ ಪೂರ್ತಿ ಬಳಿಯಿಸದೆ ತಳದಲ್ಲಿ ಸ್ವಲ್ಪ ಬಿಡಿಸಬೇಕು, ಹೆಪ್ಪಿಗೆ. ಕಕ್ಕಸು ತೊಳೆಯಲು ಬಾಟಲಿಗಟ್ಟಲೆ ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ ಸುರಿಯುವವರು ಒಳಗಿನ ಕೆಲಸಗಾರರಿಗೇ ವಿಷ ಹಾಕುತ್ತಿರುತ್ತಾರೆ.

ಈ ಅನಿಲದಲ್ಲಿ ಅಡುಗೆ ಆಗದೇ ಎಂದು ಕೆಲವರು ಕೇಳುವುದುಂಟು. ಐದು ಜನರ ಕೊಳಚೆ ನೀರಿನಿಂದ ಲೆಕ್ಕದ ಪ್ರಕಾರ ದಿನಕ್ಕೆ 70 ಲೀಟರ್ ಮೀಥೇನ್ ಹುಟ್ಟಿದರೆ ಹೆಚ್ಚು. ಅದರಲ್ಲೂ ಒಂದು ಪಾಲು ನೀರಿನಲ್ಲೇ ಕರಗಿ ಹೋಗುತ್ತದೆ. ಒಂದು ಹೊತ್ತಿನ ಕಾಫಿ ಕಾಯಬಹುದು, ಅನ್ನ ಬೇಯದು. ಅಡುಗೆ ಅನಿಲದ ಆಸೆಗೆ ದನದ ಸಗಣಿಯೇ ಸರಿ. ಹಾಗೆಂದು ಊರಿನ ದೊಡ್ಡ ತೊಟ್ಟಿಯ ಮೀಥೇನನ್ನು ಗಾಳಿಗೆ ಬಿಡುವಂತಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಅದು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಸಮರ್ಥ; ಹಿಡಿದು ಉರಿಸಲೇಬೇಕು.

ಮನೆಯವರೆಲ್ಲ ತಿಳಿದಿರಬೇಕಾದ ಮಾತೊಂದಿದೆ. ಗುಂಡಿಯ ಮುಚ್ಚಳ ತೆರೆದು ಬೆಂಕಿಕಡ್ಡಿ ಗೀರಿ ನೋಡಬಾರದು; ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15 ಇದ್ದರೆ ಸಿಡಿಯುತ್ತದೆ. ಯಾರನ್ನೂ ಒಳಗೆ ಇಳಿಸಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದುವುದರಿಂದ ವಾಸನೆ ಇಲ್ಲವೆಂದು ಇಳಿದವರು ಮೇಲೆ ಬಂದಿಲ್ಲ. ಎತ್ತಲು ಹೋದವರೂ ಬಂದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿದ್ದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಗುಂಡಿಯ ಹತ್ತಿರ ಹೋಗದೆಯೇ ಒಳಗಿನ ವ್ಯಾಪಾರವನ್ನು ಶಾಲೆಯಲ್ಲಿ ನೋಡಬಹುದು. ಒಂದು ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿ, ಮೂರು ಬಲೂನು, ಸ್ವಲ್ಪ ಸಗಣಿ ಗಂಜಿ, ಲಿಟ್ಮಸ್ ಕಾಗದ ಸಾಕು. ಮೂರರಲ್ಲೂ ಮುಕ್ಕಾಲು ಭಾಗ ಸಗಣಿ ಗಂಜಿ ಹಾಕಿ, ಮೊದಲನೆಯದಕ್ಕೆ ನಾಲ್ಕು ಚಮಚ ಅಕ್ಕಿ ತೊಳೆದ ನೀರು, ಎರಡನೆಯದಕ್ಕೆ ಅಷ್ಟೇ ಅಕ್ಕಿ ನೀರಿನೊಡನೆ ಒಂದು ಚಮಚ ಬಟ್ಟೆ ಸೋಪಿನ ಪುಡಿ, ಮೂರನೆಯದಕ್ಕೆ ಒಂದು ದೊಡ್ಡ ಅಚ್ಚು ಬೆಲ್ಲ ಹಾಕಬೇಕು. ಬಾಯಿಗೆ ಬಲೂನು ಕಟ್ಟಿ ಒಲೆ, ದೀಪಗಳಿಂದ ದೂರ ನೆರಳಲ್ಲಿಡಬೇಕು. ಮೊದಲು ಬಲೂನು ಉಬ್ಬುವುದು ಬೆಲ್ಲದ್ದೇ. ಅದನ್ನು ಕಂಡು ಹಿಗ್ಗಬಾರದು. ಅದು ಬಹುಪಾಲು ಇಂಗಾಲದ ಡೈ ಆಕ್ಸೈಡ್. ವಾರದ ಮೇಲೆ ಉಪಾಧ್ಯಾಯರ ಎದುರಿಗೆ ಬಯಲಿನಲ್ಲಿ ಬಿಚ್ಚಿ ನೀಲಿ ಲಿಟ್ಮಸ್ ಅದ್ದಿದರೆ ಬೆಲ್ಲದ ಬಾಟಲಿಯಲ್ಲಿ ಚೆನ್ನಾಗಿ ಕೆಂಪಾಗುತ್ತದೆ: ಅವಸರದವರು ಗೆದ್ದಿದ್ದಾರೆ. ಅಕ್ಕಿ ನೀರಿನ ಬಾಟಲಿ ಸೋಮಾರಿಯಂತೆ ಕಂಡರೂ ಮೂರು ನಾಲ್ಕು ವಾರಗಳಲ್ಲಿ ಅದರ ಬಲೂನು ಮೆಲ್ಲಗೆ ಏಳುತ್ತದೆ. ದಿನಾಂಕ, ಉಷ್ಣತೆ, ಬಲೂನಿನ ಸುತ್ತಳತೆ ಮೂರನ್ನೂ ಬರೆದಿಡಬೇಕು. ಇದೇ ಪ್ರಯೋಗವನ್ನು ಡಿಸೆಂಬರಿನಲ್ಲೊಮ್ಮೆ, ಮಾರ್ಚಿಯಲ್ಲೊಮ್ಮೆ ಮಾಡಿ ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟರೆ, ಬಿಸಿಲು ಎಷ್ಟು ದಿನಗಳನ್ನು ಉಳಿಸಿತು ಎಂಬುದು ಅಲ್ಲಿಯೇ ಕಾಣುತ್ತದೆ.